ಪಾತ್ರಾಪಾತ್ರ ವಿಚಾರ

ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ನೀರನ್ನು ತುಂಬಿಟ್ಟರೆ ಬಾಧಕವಿಲ್ಲ. ಅದೇ ಪಾತ್ರೆಯಲ್ಲಿ ಹುಳಿಮಜ್ಜಿಗೆಯನ್ನೋ ಹುಣಿಸೆಯ ರಸವನ್ನೋ ಒಂದು ರಾತ್ರಿ ಇಟ್ಟರೆ, ಬೆಳಗಾಗುವಷ್ಟರಲ್ಲಿ ಕಿಲುಬು ಕೂಡಿ ಬಾಯಿಗಿಡಲು ಬಾರದಂತಾಗುವುದು. ಈ ಸಂಗತಿಯನ್ನು ನಮ್ಮ ಗೃಹಿಣಿಯರಿಗೆ ಯಾವ ರಸಾಯನ ಶಾಸ್ತ್ರಜ್ಞನೂ ಬಂದು ಹೇಳಬೇಕಾದುದಿಲ್ಲ. ಪಾತ್ರೆಯು ಹಳೆಯದೋ ಹೊಸದೋ ಎಂಬುದಕ್ಕಿಂತ, ಅದರೊಳಗೆ ಹಾಕುವ ಪದಾರ್ಥವು ಎಂಥದೆಂಬುದೇ ಮುಖ್ಯವೆಂದು ಅವರು ಬಹು ಹಿಂದಿನಿಂದಲೂ ಬಲ್ಲರು. ಸಂಸ್ಕೃತದಲ್ಲಿ ‘ಪಾತ್ರ’ವೆಂಬ ಶಬ್ದಕ್ಕೆ ಭಾಂಡವೆಂಬ ಅರ್ಥವೂ ಉಂಟು, ಯೋಗ್ಯನಾದವನೆಂಬ ಅರ್ಥವೂ ಉಂಟು. ದಾನ ಕೊಡುವವನು ಪಾತ್ರಾಪಾತ್ರ ವಿವೇಚನೆಯನ್ನು ಮಾಡತಕ್ಕದ್ದೆಂದು ಹಿರಿಯರು ವಿಧಿಸಿದರು. ಇದೇ ವಿವೇಚನೆಯು ಈಗ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಸುತ್ತಣ ಸಮುದ್ರದ ತಳದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿರುವುದು. ಈ ತಿಂಗಳು ವಾಚಕರ ಮುಂದೆ ಅದನ್ನೇ ಇಡಬೇಕೆಂದಿರುವೆನು.

ಉತ್ತರ ಸಮುದ್ರವೆಂದು ಕರೆಯುವ ಆ ಕಡಲಿನಲ್ಲಿ, ತಳದ ಕೆಳಗಣ ಬಂಡೆಗಳಲ್ಲಿ ಸ್ವಾಭಾವಿಕ ಅನಿಲವು ಅಡಗಿರುವುದೆಂದು ತಿಳಿದುಬಂದು, 1967ರಲ್ಲಿ ಮೊಟ್ಟಮೊದಲಿಗೆ ಇಂಗ್ಲೆಂಡಿನ ಈಸಿಂಗ್ಟನ್ ಎಂಬ ಕಡಲ ಕರೆಗೆ ಅದನ್ನು ತರಲಾಯಿತು. ಅಂದಿನಿಂದ ಸಾವಿರಾರು ಮೈಲಿಗಳ ಉಕ್ಕಿನ ಕೊಳವೆಗಳು ಸಮುದ್ರದ ತಳದಲ್ಲಿ ಬಿದ್ದುಕೊಂಡಿರುವುವು. ಇವು ಸಾಮಾನ್ಯವಾದ ಕೊಳವೆಗಳಲ್ಲ. ಅಲೆಯ ಸೆಳೆತಕ್ಕೆ ತೇಲಿ ಏಳದಂತೆ ದೊಡ್ಡ ಕೊಳವೆಗಳ ಮೇಲೆ ಕಾಂಕ್ರೀಟಿನ ಹೊದಿಕೆಯನ್ನು ಹಾಕಿರುವರು. ಉಪ್ಪುನೀರು ಉಕ್ಕನ್ನು ತಿನ್ನದಂತೆ, ಅಲ್ಲಲ್ಲಿ ಸತುವಿನ ಅಥವಾ ಅಲ್ಯುಮಿನಿಯಮ್ಮಿನ ಬಳೆಗಳನ್ನು ತೊಡಿಸಿರುವರು. ತುಕ್ಕೆಂಬ ಪಿಶಾಚಿಯು ಮೊದಲು ಆ ಬಳೆಗಳನ್ನು ತಿಂದು ತೃಪ್ತಿಪಡುವುದು, ಉಕ್ಕು ಬದುಕಿಕೊಳ್ಳುವುದು. ಆಂಗ್ಲರು ಇದಕ್ಕೆ ಬಲಿಯ ಲೋಹವೆಂದೇ ಹೆಸರಿಟ್ಟಿರುವರು.

ಈಗ ಆ ಅನಿಲದ ಗಣಿಗಳು ಒಂದೊಂದಾಗಿ ಬರಿದಾಗುತ್ತ ಬಂದಿವೆ. ಅನಿಲವು ನಿಂತ ಮೇಲೆ ಕೊಳವೆಯನ್ನು ಹಾಗೆಯೇ ಬಿಟ್ಟುಹೋಗುವಂತಿಲ್ಲ. 1998ರ ಪೆಟ್ರೋಲಿಯಂ ಶಾಸನದ ಪ್ರಕಾರ ಅದರ ಒಡೆಯರು ಸರಕಾರದ ಒಪ್ಪಿಗೆಯನ್ನು ಪಡೆದು, ಅದನ್ನು ತೆಗೆದುಹಾಕಬೇಕು, ಇಲ್ಲವೇ ತೊಳೆದು ಅಪಾಯವಿಲ್ಲದಂತೆ ಮಾಡಿ ಬಿಡಬೇಕು. ಎರಡಕ್ಕೂ ಅಪಾರವಾದ ವೆಚ್ಚ ತಗಲುವುದು. ಹೀಗಿರಲು, ಅದೇ ಕೊಳವೆಗಳಿಗೆ ಹೊಸದೊಂದು ಉದ್ಯೋಗವನ್ನು ಕೊಡಬಾರದೇಕೆಂಬ ಆಲೋಚನೆ ಹುಟ್ಟಿತು. ಆ ಉದ್ಯೋಗವಾವುದೆಂದರೆ, ಇಂಗಾಲಾಮ್ಲ ವಾಯುವನ್ನು ದಡದಿಂದ ಕಡಲಿನ ಕಡೆಗೆ ಒಯ್ಯುವುದು. ಬಂದ ದಾರಿಯಲ್ಲಿಯೇ ಹಿಂದಿರುಗಿ, ಬರಿದಾದ ಬಂಡೆಯ ರಂಧ್ರಗಳನ್ನು ತುಂಬುವುದು.

ಈ ವಾಯುವನ್ನು ಹೂಳಬೇಕಾದರೂ ಏಕೆ, ಕಲ್ಲಿದ್ದಲನ್ನು ಸುಡುವುದನ್ನೇ ನಿಲ್ಲಿಸಬಾರದೆ, ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಸುಣ್ಣದ ಗೂಡನ್ನು ನೆನೆದುಕೊಳ್ಳಿರಿ. ಶುದ್ಧವಾದ ಸುಣ್ಣದ ಕಲ್ಲು 100 ಸೇರಿನಷ್ಟನ್ನು ಸುಟ್ಟರೆ ಉಳಿಯುವ ಸುಣ್ಣವು 56 ಸೇರು ಮಾತ್ರ. ಮಿಕ್ಕ 44 ಸೇರು ಎಲ್ಲಿ ಹೋಯಿತು? ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೆ ಹಾರಿತು. ಇದು ಸೌದೆಯ ಹೊಗೆಯಲ್ಲ, ಕಲ್ಲಿನ ಉಸಿರು. ಸೌದೆಯನ್ನು ಬಿಟ್ಟು ಸೂರ್ಯನ ಬಿಸಿಲಿನಿಂದಲೇ ಗೂಡನ್ನು ಕಾಯಿಸಿದರೂ ಕಲ್ಲು ಈ ಉಸಿರನ್ನು ಬಿಟ್ಟೇ ತೀರುವುದು. ಸಿಮೆಂಟಿನ ಕಾರ್ಖಾನೆಯಲ್ಲಿ ನಡೆಯುವುದೂ ಇದೇ. ಆದಕಾರಣ ಸಿಮೆಂಟು ಬೇಕೆನ್ನುವವರೆಗೆ ಈ ವಾಯುವನ್ನು ಚಿಮಣಿಯಲ್ಲಿಯೇ ಹಿಡಿದು ಎಲ್ಲಿಯಾದರೂ ಇಡಬೇಕೆಂಬ ಮಾತಿನಲ್ಲಿ ಹುರುಳಿದೆ. ನಾರ್ವೆ ದೇಶದವರು ಸ್ಲೈಪ್ನರ್ ಎಂಬ ಅನಿಲಕ್ಷೇತ್ರದಲ್ಲಿ 1996ರಿಂದಲೇ ಸಮುದ್ರದ ತಳದ ಕೆಳಗಣ ಮರಳುಕಲ್ಲಿಗೆ ಇದನ್ನು ತುಂಬುತ್ತ ಬಂದಿರುವುದರಿಂದ, ಬಂಡೆಯೊಳಗೆ ಇಡುವುದು ಬರಿಯ ಕಲ್ಪನೆಯಲ್ಲವೆಂಬುದೂ ಸಿದ್ಧವಾಗಿದೆ.

ಇನ್ನು ಹಳೆಯ ಕೊಳವೆಗಳ ಮಾತು. ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಹೋಗಿರುವವರಲ್ಲಿ ಲಿವರ್‌ಪೂಲ್ ಕೊಲ್ಲಿಯ ಯೋಜನೆಯವರು ಸೇರಿರುವರು. ಅಲ್ಲಿಯ ಹ್ಯಾಮಿಲ್ಟನ್, ಉತ್ತರ ಹ್ಯಾಮಿಲ್ಟನ್, ಲೆನಾಕ್ಸ್ ಎಂಬ ಅನಿಲಕ್ಷೇತ್ರಗಳಿಂದ 1990ರ ದಶಕದ ಮಧ್ಯದಿಂದ ಅನಿಲವು ವೇಲ್ಸ್ ದೇಶದ ಪಾಯಿಂಟ್ ಆಫ್ ಐರ್ ಎಂಬ ಕಡಲ ಮೂಲೆಗೆ ಬರುತ್ತಿದ್ದಿತು. ಇಟಲಿಯ ಎನಿ ಎಂಬ ಕಂಪನಿಯು ಈ ದಾರಿಯನ್ನು ಹಿಂದುಮುಂದು ಮಾಡಲು ಹೊರಟಿದೆ. 2025ರ ಏಪ್ರಿಲ್ ತಿಂಗಳಲ್ಲಿ ಬ್ರಿಟಿಷ್ ಸರಕಾರದೊಡನೆ ಹಣದ ಒಪ್ಪಂದವು ಮುಗಿಯಿತು. ನೆಲದ ಮೇಲಣವೂ ಕಡಲಿನೊಳಗಣವೂ ಸೇರಿ 149 ಕಿಲೋಮೀಟರು ಹಳೆಯ ಕೊಳವೆಯನ್ನು ಬಳಸುವರಂತೆ. ಹೊಸದಾಗಿ ಹಾಕುವುದು 35 ಕಿಲೋಮೀಟರು ಮಾತ್ರ. ಮೊದಲಲ್ಲಿ ವರ್ಷಕ್ಕೆ 45 ಲಕ್ಷ ಟನ್ನುಗಳಷ್ಟು ವಾಯುವನ್ನು ಒಯ್ಯಬೇಕೆಂದು ಉದ್ದೇಶ. ಆ ಪಾಯಿಂಟ್ ಆಫ್ ಐರ್ ಎಂಬಲ್ಲಿಯೇ ಹಿಂದೆ ಒಂದು ಕಲ್ಲಿದ್ದಲ ಗಣಿಯಿದ್ದಿತು. ಅದನ್ನು ಮುಚ್ಚಿದ್ದು 1996ರಲ್ಲಿ. ಕಲ್ಲಿದ್ದಲು ಹೋಗಿ ಅನಿಲ ಬಂದು, ಅನಿಲ ಹೋಗಿ ಈಗ ಅವೆರಡರ ಹೊಗೆಯು ಅದೇ ಬಾಗಿಲಿನಿಂದ ಭೂಗರ್ಭಕ್ಕೆ ಹಿಂದಿರುಗುವ ಕಾಲ ಬಂದಿದೆ. ಒಂದು ಊರು ಇಷ್ಟನ್ನೆಲ್ಲ ಮೂವತ್ತು ನಾಲ್ವತ್ತು ವರ್ಷಗಳೊಳಗೆ ನೋಡಿತೆಂಬುದು ಸೋಜಿಗವೇ ಸರಿ.

ಆದರೆ ಕೊಳವೆಯು ಇದಕ್ಕೆ ಪಾತ್ರವೇ, ಅಪಾತ್ರವೇ?

ಇಂಗಾಲಾಮ್ಲ ವಾಯುವಿಗೆ ಅಮ್ಲವೆಂಬ ಹೆಸರು ಸುಮ್ಮನೆ ಬಂದುದಲ್ಲ. ಒಣಗಿರುವವರೆಗೆ ಅದು ಸಾಧು, ಉಕ್ಕನ್ನು ಮುಟ್ಟುವುದಿಲ್ಲ. ನೀರು ಸೇರಿತೋ, ಹುಳಿಯಾಗಿ ಉಕ್ಕನ್ನು ತಿನ್ನತೊಡಗುವುದು. ನಾವು ಸೋಡಾ ಕುಡಿಯುವಾಗ ನಾಲಿಗೆಗೆ ಚುರುಕೆನಿಸುವುದು ಈ ಹುಳಿಯೇ. ಕೊಳವೆಯ ಉಕ್ಕಿನ ದಪ್ಪವು ಒಂದು ಅಂಗುಲದ ಆಸುಪಾಸು, ಅನೇಕ ಕಡೆಗಳಲ್ಲಿ ಅದಕ್ಕೂ ಕಡಿಮೆ. ತೇವ ಸೇರಿದ ವಾಯುವು ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಉಕ್ಕನ್ನು ಸವೆಸಬಲ್ಲುದಾದುದರಿಂದ, ಅಂಥ ಕೊಳವೆಯ ಆಯುಸ್ಸು ಎಷ್ಟೆಂಬುದನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಹುದು. ಆದುದರಿಂದ ವಾಯುವನ್ನು ಕೊಳವೆಗೆ ಬಿಡುವ ಮೊದಲೇ ಚೆನ್ನಾಗಿ ಒಣಗಿಸಬೇಕು. ನೀರೊಂದನ್ನು ತೆಗೆದರೂ ಸಾಲದು. ಚಿಮಣಿಯಿಂದ ಬಂದ ವಾಯುವಿನಲ್ಲಿ ಗಂಧಕದ ಮತ್ತು ಸಾರಜನಕದ ಅಂಶಗಳು ಸ್ವಲ್ಪವಾದರೂ ಉಳಿದಿರುವುವು. ಬೇರೆ ಬೇರೆ ಕಾರ್ಖಾನೆಗಳ ವಾಯು ಒಂದೇ ಕೊಳವೆಯಲ್ಲಿ ಬೆರೆತಾಗ ಇವು ತಮ್ಮೊಳಗೆ ಕೂಡಿಕೊಂಡು ಗಂಧಕಾಮ್ಲ, ನೈಟ್ರಿಕ್ ಆಮ್ಲಗಳೆಂಬ ಇನ್ನೂ ಉಗ್ರವಾದ ಹುಳಿಗಳನ್ನು ಹುಟ್ಟಿಸಬಲ್ಲವು. ಹಾಲಿನವಳು ಒಬ್ಬಳಾದರೆ ಹಾಲಿನ ಗುಣವನ್ನು ವಿಚಾರಿಸಬಹುದು. ಹತ್ತು ಮನೆಯ ಹಾಲನ್ನು ಒಂದೇ ಕೊಡಕ್ಕೆ ಸುರಿದರೆ ಒಡೆದುದು ಯಾರ ಹಾಲಿನಿಂದ ಎಂದು ಹೇಳುವುದು ಕಷ್ಟ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದುಂಟು. ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಹೆಚ್ಚು ವಾಯುವನ್ನು ಒಂದೇ ಕೊಳವೆಯಲ್ಲಿ ಒಯ್ಯಬೇಕಾದರೆ ಅದನ್ನು ಬಲವಾಗಿ ಒತ್ತಿ, ದ್ರವದಂತೆ ಮಾಡಿ ಕಳುಹಿಸುವುದು ವಾಡಿಕೆ. ನಮ್ಮ ಸುತ್ತಣ ಗಾಳಿಯ ಒತ್ತಡಕ್ಕಿಂತ 74 ಪಟ್ಟಿಗೂ ಮೀರಿದ ಒತ್ತಡದಲ್ಲಿ ಇಟ್ಟರೆ ಅದು ದಾರಿಯಲ್ಲಿ ಎಲ್ಲಿಯೂ ಕುದಿಯದೆ ಒಂದೇ ಸಮನಾಗಿ ಹರಿಯುವುದು. ಈಗ ಆ ಕೊಳವೆಯ ಒಂದು ಕಡೆ ಸೀಳು ಬಿಟ್ಟಿತೆನ್ನಿ. ಹಿಂದಿನ ಸ್ವಾಭಾವಿಕ ಅನಿಲವಾಗಿದ್ದರೆ ಸೀಳಿನ ಬಾಯಿಂದ ಅನಿಲವು ನುಗ್ಗಿ, ಒತ್ತಡವು ಸರಸರನೆ ಇಳಿಯುವುದು. ಸೀಳು ಮುಂದಕ್ಕೆ ಓಡುವ ವೇಗಕ್ಕಿಂತ ಒತ್ತಡ ಇಳಿಯುವ ವೇಗವು ಹೆಚ್ಚಾದುದರಿಂದ, ಎಳೆಯುವ ಶಕ್ತಿ ಇಲ್ಲದೆ ಸೀಳು ನಿಂತುಹೋಗುವುದು. ದ್ರವರೂಪದ ಇಂಗಾಲಾಮ್ಲವು ಹಾಗಲ್ಲ. ಒತ್ತಡವು ಸ್ವಲ್ಪ ಇಳಿದೊಡನೆ ದ್ರವವು ಕುದಿಯಲಾರಂಭಿಸುವುದು. ಕುದಿಯುತ್ತಿರುವವರೆಗೆ ಒತ್ತಡವು ಒಂದು ಮಟ್ಟದಲ್ಲಿ ನಿಂತುಬಿಡುವುದು; ಇಳಿಯುವುದಿಲ್ಲ. ಜಲಜನಕವೋ ಸಾರಜನಕವೋ ಸ್ವಲ್ಪ ಬೆರೆತಿದ್ದರೆ ಆ ಮಟ್ಟವು ಇನ್ನೂ ಏರುವುದು. ಆ ಒತ್ತಡವು ಸೀಳನ್ನು ಮುಂದುಮುಂದಕ್ಕೆ ಎಳೆಯುತ್ತಲೇ ಇರುವುದು. ಜೀರ್ಣವಾದ ಸೀರೆಯು ಒಂದು ಕಡೆ ಹರಿದರೆ ಸರ್ರನೆ ಉದ್ದಕ್ಕೂ ಹರಿಯುವುದಿಲ್ಲವೆ, ಹಾಗೆ. ಗಟ್ಟಿಯಾದ ನೇಯ್ಗೆಯ ಸೀರೆಯಾದರೆ ಹರಿತ ಅಲ್ಲಿಗೇ ನಿಲ್ಲುವುದು. ಆದುದರಿಂದ ಆ ಉಕ್ಕು ಎಷ್ಟು ಬಿಗಿಯೆಂಬುದನ್ನು, ಕೊಳವೆಯನ್ನು ಮಾಡಿದ ಕಾಲದ ಕಾಗದಪತ್ರಗಳನ್ನು ತೆಗೆದು ನೋಡಬೇಕು. ಸ್ವಾಭಾವಿಕ ಅನಿಲಕ್ಕೆಂದು ಮಾಡಿದ ಕೊಳವೆಯನ್ನು ಈ ವಾಯುವಿಗಾಗಿ ಯಾರೂ ಆಗ ಪರೀಕ್ಷಿಸಿರಲಿಲ್ಲ. ಮಾಡುವ ಕಾರಣವೂ ಇರಲಿಲ್ಲ. ಹೊಸ ಕೊಳವೆಯಾದರೆ ನಡುನಡುವೆ ದಪ್ಪನೆಯ ಉಕ್ಕಿನ ಬಳೆಗಳನ್ನು ಹಾಕಿ, ಬಟ್ಟೆಗೆ ಅಂಚು ಹೊಲಿದಂತೆ, ಸೀಳನ್ನು ತಡೆಯಬಹುದು. ಸಮುದ್ರದ ತಳದಲ್ಲಿ ಹೂತುಹೋದ ಹಳೆಯ ಕೊಳವೆಗೆ ಬಳೆ ತೊಡಿಸುವವರು ಯಾರು?

ಚಳಿಯ ಬಾಧೆಯೂ ಇದೆ. ಬರಿದಾದ ಅನಿಲಕ್ಷೇತ್ರದ ಬಂಡೆಯಲ್ಲಿ ಒತ್ತಡವು ಬಹಳ ಕಡಿಮೆ. ಬಲವಾಗಿ ಒತ್ತಿದ ವಾಯುವನ್ನು ಥಟ್ಟನೆ ಅಂಥ ಬರಿದಾದ ಸ್ಥಳಕ್ಕೆ ಬಿಟ್ಟರೆ ಅದು ಹಿಗ್ಗುವ ಭರದಲ್ಲಿ ತನ್ನ ಬಿಸಿಯನ್ನೆಲ್ಲ ಕಳೆದುಕೊಂಡು, ಬಾವಿಯ ಕೊಳವೆಯನ್ನೂ ಸುತ್ತಣ ನೀರನ್ನೂ ಹೆಪ್ಪುಗಟ್ಟಿಸಬಹುದು. ಲಿವರ್‌ಪೂಲ್ ಕೊಲ್ಲಿಯಲ್ಲಿ ಮೊದಲ ವರ್ಷಗಳಲ್ಲಿ ಅದನ್ನು ಅನಿಲರೂಪದಲ್ಲಿಯೇ ಮೆಲ್ಲಗೆ ಕಳುಹಿಸಿ, ಬಂಡೆಯೊಳಗಣ ಒತ್ತಡವು ಏರಿದ ಮೇಲೆ ದ್ರವರೂಪಕ್ಕೆ ತಿರುಗಬೇಕೆಂದು ಗೊತ್ತುಮಾಡಿರುವುದು ಇದಕ್ಕಾಗಿಯೇ. ಅನಿಲರೂಪದಲ್ಲಿ ಒಯ್ಯುವಾಗ ಹಿಂದೆ ಹೇಳಿದ ಸೀಳಿನ ಭಯವೂ ಬಹುಮಟ್ಟಿಗೆ ತಗ್ಗುವುದು. ಆದರೆ ಒಯ್ಯುವ ಮೊತ್ತವೂ ತಗ್ಗುವುದು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು.

ಕೊಳವೆಯ ಒಳಗನ್ನು ಪರೀಕ್ಷಿಸುವುದಕ್ಕೆ ಒಂದು ಯಂತ್ರವುಂಟು. ಅದನ್ನು ಒಂದು ತುದಿಯಲ್ಲಿ ಒಳಗೆ ಬಿಟ್ಟರೆ ಹರಿವಿನೊಡನೆ ಸಾಗುತ್ತ, ಅಯಸ್ಕಾಂತದ ಬಲದಿಂದಲೋ ಶಬ್ದದ ಅಲೆಗಳಿಂದಲೋ ಗೋಡೆಯ ದಪ್ಪವನ್ನು ಅಳೆದು ಬರೆದುಕೊಂಡು ಇನ್ನೊಂದು ತುದಿಯಲ್ಲಿ ಹೊರಬೀಳುವುದು. ಇದಕ್ಕೆ ಅಲ್ಲಿಯ ಕೆಲಸಗಾರರಿಟ್ಟ ಹೆಸರು ‘ಪಿಗ್’, ಎಂದರೆ ಹಂದಿ. ಬಲಿಯ ಲೋಹವೆಂದು ಗಂಭೀರವಾಗಿ ಹೆಸರಿಟ್ಟ ಜನರೇ ಇದಕ್ಕೆ ಹಂದಿಯೆಂದು ಹೇಗೆ ಹೆಸರಿಟ್ಟರೋ ತಿಳಿಯದು. ನಮ್ಮ ಪುರಾಣದ ವರಾಹವೂ ಸಮುದ್ರದ ತಳಕ್ಕೇ ಇಳಿದುದಾದ್ದರಿಂದ ನಾವು ಆಕ್ಷೇಪಿಸುವಂತಿಲ್ಲ. ಈ ಯಂತ್ರವು ಗೋಡೆಯ ಸವಕಲನ್ನು ಹೇಳಬಲ್ಲುದು. ಉಕ್ಕಿನ ಬಿಗಿಯನ್ನು ಅಷ್ಟು ಸುಲಭವಾಗಿ ಹೇಳಲಾರದು. ಬಾಗಿಲುಗಳಲ್ಲಿ ಹಾಕಿರುವ ರಬ್ಬರಿನ ಬಿಲ್ಲೆಗಳ ಮಾತನ್ನಂತೂ ಹೇಳುವುದೇ ಇಲ್ಲ. ಈ ವಾಯುವು ರಬ್ಬರಿನೊಳಗೆ ಇಂಗಿ ಕುಳಿತು, ಒತ್ತಡ ಇಳಿದಾಗ ಒಮ್ಮೆಲೇ ಉಬ್ಬಿ ಅದನ್ನು ಸೀಳಿಬಿಡುವುದರಿಂದ ಅವನ್ನೆಲ್ಲ ಬದಲಾಯಿಸಬೇಕಾಗುವುದು.

ವಾಯುವು ಹೊರಬಿದ್ದರೆ ಆಗುವುದೇನು? ಇದು ಉರಿಯುವುದಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಮೇಲಕ್ಕೆ ಹಾರದೆ ತಗ್ಗಿನಲ್ಲಿ ತುಂಬಿಕೊಳ್ಳುವುದು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ತುಂಬಿಡುತ್ತಿದ್ದ ಹಗೇವುಗಳ ಬಾಯಿಯನ್ನು ತೆರೆದ ಕೂಡಲೇ ತಿಳಿದವರು ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು ನೋಡುವರು. ದೀಪ ಆರಿದರೆ ಮನುಷ್ಯನೂ ಆರುವನೆಂದು ತಿಳಿಯುವರು. ಒಳಗಣ ಧಾನ್ಯವು ಉಸಿರಾಡಿ ತುಂಬಿಟ್ಟ ವಾಯುವು ಇದೇ. ಅವಸರಪಟ್ಟು ಇಳಿದವರು ಅಲ್ಲಿಯೇ ಉಳಿದ ಕಥೆಗಳನ್ನು ಆ ಕಡೆಯ ಹಿರಿಯರು ಬಲ್ಲರು.

ಅಮೆರಿಕದ ಮಿಸಿಸಿಪಿ ಸಂಸ್ಥಾನದಲ್ಲಿ ಸಟಾರ್ಷಿಯ ಎಂಬ ಸಣ್ಣ ಊರುಂಟು. 2020ರ ಫೆಬ್ರವರಿ 22ನೆಯ ದಿನ ಸಂಜೆ ಆ ಊರ ಬಳಿ ಈ ವಾಯುವಿನ ಒಂದು ಕೊಳವೆ ಒಡೆಯಿತು. ಮಳೆ ಹೆಚ್ಚಾಗಿ ಗುಡ್ಡದ ಮಣ್ಣು ಜರಿದು, ಬೆಸುಗೆಯು ಬಿಟ್ಟುಕೊಂಡುದೇ ಕಾರಣ. ಬಿಳಿಯ ಮಂಜಿನಂತೆ ವಾಯುವು ತಗ್ಗಿಗೆ ಹರಿದು ಊರನ್ನು ಕವಿಯಿತು. ಇನ್ನೂರು ಮಂದಿಯಷ್ಟು ಜನ ಮನೆಗಳನ್ನು ಬಿಟ್ಟು ಓಡಬೇಕಾಯಿತು. 45 ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು. ಗಾಳಿಯಲ್ಲಿ ಪ್ರಾಣವಾಯು ಸಾಲದೆ ಮೋಟಾರು ಗಾಡಿಗಳ ಯಂತ್ರಗಳೂ ನಿಂತುಹೋದುವು. ಯಾರೂ ಸಾಯಲಿಲ್ಲವೆಂಬುದು ಪುಣ್ಯ. ಗಮನಿಸಬೇಕಾದ ಸಂಗತಿ ಏನೆಂದರೆ, ಆ ಕೊಳವೆಯು ಹಳೆಯದಾಗಿರಲಿಲ್ಲ; ಹಾಕಿ ಹತ್ತು ವರ್ಷ ಕಳೆದಿತ್ತಷ್ಟೆ. ಇದೇ ವಾಯುವಿಗೆಂದೇ ಹಾಕಿದುದು. ವಾಯುವು ಊರಿನವರೆಗೆ ಬರಬಹುದೆಂಬ ಎಣಿಕೆಯು ಕಂಪನಿಯವರಿಗೆ ಇರಲಿಲ್ಲವೆಂದು ಆಮೇಲೆ ನಡೆದ ಸರಕಾರದ ವಿಚಾರಣೆಯಿಂದ ತಿಳಿದುಬಂದಿತು. ಆದುದರಿಂದ ಹಳೆಯದೆಂದು ಬೆದರುವುದೂ ಹೊಸದೆಂದು ನಂಬುವುದೂ ಎರಡೂ ಅವಿಚಾರವೇ. ಸಮುದ್ರದ ನಡುವೆ ಒಡೆದರೆ ಮನುಷ್ಯರಿಗಾಗುವ ಭಯ ಕಡಿಮೆಯೆಂಬುದು ನಿಜ; ಆದರೆ ಪ್ರತಿಯೊಂದು ಕೊಳವೆಯೂ ಎಲ್ಲಿಯೋ ಒಂದು ಕಡೆ ದಡವನ್ನು ಹತ್ತಲೇಬೇಕಲ್ಲ. ಆ ಎಡೆಯಲ್ಲಿ ಮನೆ ಕಟ್ಟಿಕೊಂಡವರಿಗೆ ಹಿಂದೆ ಇದ್ದುದು ಬೆಂಕಿಯ ಭಯ. ಈಗ ಬರುವುದು ಉಸಿರಿನ ಭಯ. ಎರಡಕ್ಕೂ ಮಾಡಿಕೊಳ್ಳಬೇಕಾದ ಎಚ್ಚರಿಕೆ ಬೇರೆ ಬೇರೆ. ಬೆಂಕಿಯಾದರೆ ದೂರ ಓಡಬೇಕು. ಇದಾದರೆ ಎತ್ತರಕ್ಕೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೋಗಬೇಕು. ಇದನ್ನು ಅವರಿಗೆ ಮೊದಲೇ ಹೇಳಿಕೊಡದೆ ಕೊಳವೆಯ ಹೊಟ್ಟೆಯಲ್ಲಿನ ಪದಾರ್ಥವನ್ನು ಬದಲಾಯಿಸುವುದು ನ್ಯಾಯವಲ್ಲ.

ಹಳೆಯ ಕೊಳವೆಯು ಹೊಸ ಕೆಲಸವನ್ನು ಚೆನ್ನಾಗಿ ಮಾಡಿದ ಉದಾಹರಣೆಯೂ ಉಂಟು. ಹಾಲೆಂಡಿನಲ್ಲಿ ರಾಟರ್‌ಡ್ಯಾಮಿನಿಂದ ಆಮ್‌ಸ್ಟರ್‌ಡ್ಯಾಮಿನ ಕಡೆಗೆ ಎಣ್ಣೆಯನ್ನು ಒಯ್ಯಲು ಹಾಕಿ, ಬಳಿಕ ಬಳಕೆಯಿಲ್ಲದೆ ಬಿದ್ದಿದ್ದ ಕೊಳವೆಯಲ್ಲಿ 2005ರಿಂದ ಇಂಗಾಲಾಮ್ಲ ವಾಯುವನ್ನು ಕಳುಹಿಸುತ್ತಿರುವರು. ದಾರಿಯುದ್ದಕ್ಕೂ ಗಾಜಿನ ಮನೆಗಳಲ್ಲಿ ಹೂವನ್ನೂ ತರಕಾರಿಯನ್ನೂ ಬೆಳೆಯುವವರು ಅದನ್ನು ಕೊಂಡು ಗಿಡಗಳಿಗೆ ಉಣಿಸುವರು. ಆದರೆ ಅದು ನೆಲದ ಕೊಳವೆ. ತಗ್ಗಿದ ಒತ್ತಡದ ಅನಿಲ. ಕಡಲಿನ ಕೊಳವೆಗೆ ಅದನ್ನೇ ಪ್ರಮಾಣವೆಂದು ಹಿಡಿಯಲಾಗದು. ನಾರ್ವೆಯ ನಾರ್ದರ್ನ್ ಲೈಟ್ಸ್ ಯೋಜನೆಯವರು 2025ರಲ್ಲಿ ತಮ್ಮ ಕೆಲಸವನ್ನು ಆರಂಭಿಸಿದ್ದು ಹೊಸ ಕೊಳವೆಯಿಂದ; ಇಂಗ್ಲೆಂಡಿನ ಟೀಸ್ ನದಿಯ ಬಾಯಿಂದ ಕಡಲಿಗೆ ಹೋಗುವುದೂ ಹೊಸ ಕೊಳವೆಯೇ. ದಾರಿಯೂ ಅಳತೆಯೂ ಒಪ್ಪುವ ಹಳೆಯ ಕೊಳವೆ ಎಲ್ಲರಿಗೂ ದೊರೆಯುವುದಿಲ್ಲ.

ದೊರೆತವರಿಗೂ ಕಾಲವು ಕೂಡಿಬರಬೇಕು. ಸ್ಕಾಟ್ಲೆಂಡಿನ ಸೇಂಟ್ ಫರ್ಗಸ್ ಎಂಬಲ್ಲಿಂದ ಗೋಲ್ಡನ್‌ಐ ಎಂಬ ಅನಿಲಕ್ಷೇತ್ರಕ್ಕೆ ನೂರು ಕಿಲೋಮೀಟರಿನಷ್ಟು ಉದ್ದದ ಕೊಳವೆಯುಂಟು. 2004ರಲ್ಲಿ ಅನಿಲವನ್ನು ತರಲಾರಂಭಿಸಿ ಏಳೆಂಟು ವರ್ಷಗಳೊಳಗೇ ಅದರ ಕೆಲಸ ಮುಗಿಯಿತು; ಕೊಳವೆಗೆ ಇನ್ನೂ ಯೌವನ. ಲಾಂಗನೆಟ್ಟಿನ ವಿದ್ಯುತ್ ಕಾರ್ಖಾನೆಯ ಹೊಗೆಯನ್ನು ಅದೇ ಅನಿಲಕ್ಷೇತ್ರಕ್ಕೆ ಇಳಿಸಬೇಕೆಂದು ಯೋಚಿಸಿದರು. 2011ರಲ್ಲಿ ಅದು ಮುರಿದುಬಿತ್ತು. ಪೀಟರ್‌ಹೆಡ್ಡಿನ ಕಾರ್ಖಾನೆಯದನ್ನು ಕಳುಹಿಸಬೇಕೆಂದರು. 2015ರ ನವೆಂಬರಿನಲ್ಲಿ ಸರಕಾರವು ಕೊಡುತ್ತೇನೆಂದಿದ್ದ 100 ಕೋಟಿ ಪೌಂಡುಗಳನ್ನು ಹಿಂತೆಗೆದುಕೊಂಡಿತು. ಈಗ ಏಕಾರ್ನ್ ಎಂಬ ಮೂರನೆಯ ಯೋಜನೆಯವರು ಆ ಕೊಳವೆಯನ್ನು ನಂಬಿಕೊಂಡಿರುವರು. ಮದುವೆಗೆ ಬೆಳೆದ ಹುಡುಗಿಯನ್ನು ನೋಡಿ ನೋಡಿ ಹೋಗುವ ಬೀಗರಂತೆ ಸರಕಾರಗಳು ಬಂದು ಹೋಗುತ್ತಿದ್ದರೆ, ಸುಮ್ಮನೆ ಮಲಗಿರುವ ಉಕ್ಕು ಎಷ್ಟು ಕಾಲ ಕಾಯುವುದು? ಕೆಲಸವಿಲ್ಲದ ಕೊಳವೆಗೂ ಕಾವಲು ಬೇಕು, ಬಲಿಯ ಲೋಹವು ಸವೆಯುವುದು ನಿಲ್ಲುವುದಿಲ್ಲ, ಸಮುದ್ರದ ಸೆಳೆತವು ಅಡಿಯ ಮರಳನ್ನು ಕೊರೆಯುವುದೂ ನಿಲ್ಲುವುದಿಲ್ಲ.

ಇಲ್ಲಿ ಹಣದ ವ್ಯವಹಾರದ ಒಂದು ಮಾತನ್ನು ಹೇಳದೆ ಬಿಡಲಾರೆ. ಹಳೆಯ ಕೊಳವೆಯನ್ನು ಬಳಸಿದರೆ ಹೊಸದನ್ನು ಹಾಕುವ ಹಡಗುಗಳ ಕೂಲಿ, ಉಕ್ಕಿನ ಬೆಲೆ ಉಳಿಯುವುದು. ಅಷ್ಟೇ ಅಲ್ಲದೆ, ಹಳೆಯ ಒಡೆಯನಿಗೆ ಅದನ್ನು ತೆಗೆದುಹಾಕುವ ವೆಚ್ಚವೂ ಮುಂದಕ್ಕೆ ಹೋಗುವುದು. ಕೊಡುವವನಿಗೂ ಲಾಭ, ಕೊಳ್ಳುವವನಿಗೂ ಲಾಭವಾದ ವ್ಯಾಪಾರದಲ್ಲಿ, ಪಾತ್ರೆಯನ್ನು ತಟ್ಟಿ ನೋಡುವ ಮೂರನೆಯವನು ಇಬ್ಬರಿಗೂ ಬೇಕಾದವನಾಗಿರಬಾರದು. ಡೆಟ್ ನಾರ್ಸ್ಕೆ ವೆರಿಟಾಸ್ ಎಂಬ ನಾರ್ವೆಯ ಸಂಸ್ಥೆಯು 1864ರಿಂದ ಹಡಗುಗಳ ಯೋಗ್ಯತೆಯನ್ನು ಪರೀಕ್ಷಿಸುತ್ತ ಬಂದುದು, ಈ ಕೊಳವೆಗಳನ್ನು ಮರುಪರೀಕ್ಷೆ ಮಾಡುವ ಕ್ರಮವನ್ನೂ ಬರೆದಿಟ್ಟಿದೆ. ಒಂದೊಂದು ಕೊಳವೆಯನ್ನೂ ಬೇರೆ ಬೇರೆಯಾಗಿ ನೋಡಬೇಕು, ನೆರೆಯದು ಒಪ್ಪಿತೆಂದು ಇದನ್ನು ಒಪ್ಪಬಾರದು. ನನ್ನ ಅಲ್ಪಮತಿಗೆ ತೋರುವಂತೆ ಪರೀಕ್ಷೆಯ ಫಲವನ್ನು ಕಡಲ ಕರೆಯ ಜನಕ್ಕೂ ತೋರಿಸಬೇಕು.

ಇಷ್ಟೆಲ್ಲ ಸಾಹಸದಿಂದ ಹೂಳುವುದು ಎಷ್ಟು ಎಂದು ಕೇಳಿದರೆ ಉತ್ತರವು ಸಣ್ಣದು. ಲೋಕದ ಕಲ್ಲಿದ್ದಲು, ಎಣ್ಣೆ, ಅನಿಲಗಳಿಂದ ವರ್ಷಕ್ಕೆ ಹೊರಡುವ ಇಂಗಾಲಾಮ್ಲವು 3,700 ಕೋಟಿ ಟನ್ನುಗಳಿಗೂ ಮಿಕ್ಕಿರುವುದು. ಲಿವರ್‌ಪೂಲ್ ಕೊಲ್ಲಿಯ ಪಾಲು 45 ಲಕ್ಷ ಟನ್ನು. ಕೊಳವೆ ಇದೆಯೆಂದು ಸುಡುವುದನ್ನು ಮುಂದುವರಿಸಲು ಇದು ನೆಪವಾಗುವುದೆಂದು ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಸೂರ್ಯನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ಪಡೆಯಬಹುದಾದ ಕಡೆ ಈ ಕೊಳವೆಗೆ ಕೆಲಸ ಕೊಡುವುದು ದುಂದು. ಸುಣ್ಣದ ಕಲ್ಲಿನ ಉಸಿರಿಗೆ ಮಾತ್ರ ಬೇರೆ ಗತಿ ಕಾಣದು.

ಇಂಗ್ಲೆಂಡಿನ ಲಿಂಕನ್‌ಷೈರಿನಲ್ಲಿ ಥೆಡಲ್‌ಥಾರ್ಪ್ ಎಂಬ ಅನಿಲದ ನಿಲ್ದಾಣವು 1972ರಲ್ಲಿ ಆರಂಭವಾಗಿ 2018ರಲ್ಲಿ ಮುಚ್ಚಿತು. ಅಲ್ಲಿಂದ ಕಡಲೊಳಗೆ ಸುಮಾರು 120 ಕಿಲೋಮೀಟರು ಹೋಗಿರುವ 36 ಅಂಗುಲದ ಕೊಳವೆಯನ್ನು ವೈಕಿಂಗ್ ಯೋಜನೆಯವರು ಕಾದಿರಿಸಿರುವರು. ಅದನ್ನು ಮುಟ್ಟುವುದಕ್ಕೆ ನೆಲದ ಮೇಲೆ 55 ಕಿಲೋಮೀಟರಿನ ಹೊಸ ಕೊಳವೆಗೆ 2025ರ ಏಪ್ರಿಲ್‌ನಲ್ಲಿ ಅನುಮತಿ ದೊರೆಯಿತು. ಲಿವರ್‌ಪೂಲ್ ಕೊಲ್ಲಿಯಲ್ಲಾದರೋ ಮೊದಲ ವಾಯುವು 2028ರ ಸುಮಾರಿಗೆ ಹರಿಯಬೇಕು. ವೇಲ್ಸಿನ ಪ್ಯಾಡ್ಸ್‌ವುಡ್ ಎಂಬಲ್ಲಿಯ ಸಿಮೆಂಟಿನ ಕಾರ್ಖಾನೆಯವರು ತಮ್ಮ ಗೂಡಿನ ವಾಯುವನ್ನು ಹಿಡಿಯುವ ಯಂತ್ರವನ್ನು ಕಟ್ಟುವುದೆಂದು 2025ರ ಸೆಪ್ಟೆಂಬರಿನಲ್ಲಿ ನಿಶ್ಚಯಿಸಿದರು. 2029ರಿಂದ ವರ್ಷಕ್ಕೆ 8 ಲಕ್ಷ ಟನ್ನುಗಳಷ್ಟು ಅಲ್ಲಿಂದ ಪಾಯಿಂಟ್ ಆಫ್ ಐರಿನ ಮೂಲಕ ಕಡಲಿಗೆ ಇಳಿಯಬೇಕೆಂದು ಗೊತ್ತಾಗಿದೆ.